ಎಲ್‌ಇಡಿ ಹಾಕಿದ ಮೇಲೂ ಯೂನಿಟ್ ಇಳಿಯುತ್ತಿಲ್ಲ, ಕರೆಂಟ್ ಹೋಗುತ್ತಿರುವುದು ಎಲ್ಲಿಗೆ?

ನವನಗರದ ಮನೆ

ಎಲ್ಲರಿಗೂ ನಮಸ್ಕಾರ ರೀ. ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ. ಗೃಹಜ್ಯೋತಿಯಲ್ಲಿ ನಮಗೆ 88 ಯೂನಿಟ್ ಪುಕ್ಕಟೆ. 2022-23ರಲ್ಲಿ ತಿಂಗಳ ಸರಾಸರಿ 80 ಇತ್ತು, ಅದಕ್ಕೆ ಶೇ 10 ಸೇರಿಸಿದ್ದಾರೆ. ಈಗೀಗ 95, 97 ಹೀಗೆ ಬರುತ್ತಿದೆ. ಮೇಲಿನ ಯೂನಿಟ್‌ಗೆ ಮಾತ್ರ ದುಡ್ಡು ಕಟ್ಟುತ್ತೇವೆ, ದೊಡ್ಡ ಮೊತ್ತವೇನಲ್ಲ. ಆದರೆ ಅಡುಗೆಮನೆಗೆ, ಎರಡು ಕೋಣೆಗೆ 9 ವ್ಯಾಟ್ ಎಲ್‌ಇಡಿ ಹಾಕಿಸಿ ಆಯಿತು. ಆದರೂ ಯೂನಿಟ್ ಇಳಿಯುತ್ತಿಲ್ಲ ಅಂದರೆ ಏನರ್ಥ? "ಎಲ್‌ಇಡಿ ಉಳಿತಾಯ ಅನ್ನೋದೆಲ್ಲ ಡಬ್ಬಿ ಮೇಲಿನ ಮಾತು" ಅಂತ ನಮ್ಮ ಯಜಮಾನರು ನಗುತ್ತಾರೆ. ಹಳೆಯ ಬಲ್ಬಿಗೂ ಇದಕ್ಕೂ ನಿಜವಾಗಿ ಎಷ್ಟು ಫರಕು? ತಿಳಿದವರು ಬಿಡಿಸಿ ಹೇಳಿ.

ವಿಜಯಪುರ ಹುಡುಗ

ಸಿಂಪಲ್ ಅಕ್ಕಾ. 60 ವ್ಯಾಟ್ ತೆಗೆದು 9 ವ್ಯಾಟ್ ಹಾಕಿದರೆ ಶೇ 85 ಉಳಿತಾಯ. ಮನೆಯ ಎಲ್ಲಾ ಬಲ್ಬ್ ಬದಲಿಸಿ, ಮುಗೀತು.

ಜಮಖಂಡಿ ಮಾಸ್ತರ್

ತಮ್ಮಾ, ಯಾವುದರ ಶೇ 85? ಆ ಒಂದು ಬಲ್ಬಿನದು. ಬಿಲ್ಲಿನದಲ್ಲ. ಆ ಬಲ್ಬ್ ದಿನಕ್ಕೆ ಎಷ್ಟು ತಾಸು ಉರಿಯುತ್ತದೆ ಅನ್ನುವುದನ್ನು ಕೇಳದೆ ಉತ್ತರ ಹೇಳಿದರೆ ಅದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

ಒಂದು ಯೂನಿಟ್ ಅಂದರೆ 1000 ವ್ಯಾಟ್, ಒಂದು ತಾಸು. ಇದನ್ನಷ್ಟೇ ಹಿಡಿದುಕೊಳ್ಳಿ. 60 ವ್ಯಾಟ್ ಬಲ್ಬ್ ದಿನಕ್ಕೆ 5 ತಾಸು ಉರಿದರೆ 30 ದಿನಕ್ಕೆ 9 ಯೂನಿಟ್. ಅದೇ ಜಾಗಕ್ಕೆ 9 ವ್ಯಾಟ್ ಎಲ್‌ಇಡಿ ಬಂದರೆ 1.35 ಯೂನಿಟ್. ಉಳಿದದ್ದು ಏಳೂವರೆ ಯೂನಿಟ್ ಚಿಲ್ಲರೆ. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೆ ತಿಂಗಳಿಗೆ 45 ರೂಪಾಯಿ. ಹೊಸ ಬಲ್ಬಿನ ಬೆಲೆ ಎರಡು ಮೂರು ತಿಂಗಳಲ್ಲಿ ವಾಪಸ್.

ಅದೇ 60 ವ್ಯಾಟ್ ಬಲ್ಬ್ ಬಚ್ಚಲಲ್ಲಿದೆ, ದಿನಕ್ಕೆ ಒಂದು ತಾಸು ಉರಿಯುತ್ತದೆ ಅನ್ನಿ. ತಿಂಗಳಿಗೆ 1.8 ಯೂನಿಟ್ ಅಷ್ಟೇ. ಅದನ್ನು ಬದಲಿಸಿದರೆ ಸಿಗುವುದು ಒಂದೂವರೆ ಯೂನಿಟ್, 9 ರೂಪಾಯಿ. ಶೇ 85 ಇಲ್ಲೂ ಉಳಿಯಿತು, ಅಲ್ಲೂ ಉಳಿಯಿತು.

ಅಕ್ಕಾವರೇ, ನಿಮ್ಮ ಮನೆಯ ಎಲ್ಲಾ ದೀಪಗಳನ್ನೂ ಬರೆಯಿರಿ. ಯಾವ ಜಾತಿಯದು, ಎಷ್ಟು ತಾಸು. ಚಿಕ್ಕದು ಅಂತ ಬಿಡಬೇಡಿ.

ನವನಗರದ ಮನೆ

ಬರೆಯುತ್ತೇನೆ ಮಾಸ್ತರೇ. ಅಡುಗೆಮನೆ, ಎರಡು ಕೋಣೆ: 9 ವ್ಯಾಟ್ ಎಲ್‌ಇಡಿ, ಸುಮಾರು 5 ತಾಸು. ಗೇಟಿನ ಹತ್ತಿರ 9 ವ್ಯಾಟ್ ಎಲ್‌ಇಡಿ, ರಾತ್ರಿ ಪೂರ್ತಿ. ಪಡಸಾಲೆಯಲ್ಲಿ ಹಳೆಯ ಟ್ಯೂಬ್‌ಲೈಟ್, ದಪ್ಪ ಟ್ಯೂಬು, ಸ್ಟಾರ್ಟರ್ ಇರುವುದು. ಅದೂ 5 ತಾಸು. ಬಚ್ಚಲಲ್ಲಿ ಹಳೆಯ 60 ವ್ಯಾಟ್, ಒಂದು ತಾಸು. ದೇವರ ಕೋಣೆಯಲ್ಲಿ ಕೆಂಪು ಜೀರೋ ಬಲ್ಬ್ ಇದೆ, ಅದಂತೂ ಜೀರೋ. ಅತ್ತೆಯವರು ಆರಿಸಲು ಬಿಡುವುದಿಲ್ಲ, ಹಗಲು ರಾತ್ರಿ ಇರುತ್ತದೆ.

ಮುಧೋಳ ವೈರ್‌ಮನ್

ಸಿಕ್ಕಿತು ನೋಡಿ ಕಳ್ಳ. ದೇವರ ಕೋಣೆಯಲ್ಲೇ ಕೂತಿದ್ದಾನೆ.

ಆ ಹಳೆಯ ಕಾಲದ ಜೀರೋ ಬಲ್ಬ್ 12ರಿಂದ 15 ವ್ಯಾಟ್ ತಿನ್ನುತ್ತದೆ ಅಕ್ಕಾವರೇ. ಗಾಜಿನೊಳಗೆ ತಂತಿ ಇದೆ ಅಲ್ವಾ, ಅದು ಕಾದು ಕೆಂಪಾಗದೆ ಬೆಳಕು ಎಲ್ಲಿಂದ ಬರಬೇಕು? ಹಿಂದೆ ಚಕ್ರ ತಿರುಗುವ ಮೀಟರ್ ಇದ್ದಾಗ ಇಷ್ಟು ಸಣ್ಣ ಲೋಡಿಗೆ ಚಕ್ರ ಸರಿಯಾಗಿ ಅಲ್ಲಾಡುತ್ತಿರಲಿಲ್ಲ, ಬಿಲ್ಲಿಗೆ ಬರುತ್ತಿರಲಿಲ್ಲ. ಈಗಿನ ಎಲೆಕ್ಟ್ರಾನಿಕ್ ಮೀಟರ್ ಒಂದು ವ್ಯಾಟನ್ನೂ ಬಿಡುವುದಿಲ್ಲ. 15 ವ್ಯಾಟ್, 24 ತಾಸು, 30 ದಿನ. ಗುಣಿಸಿ.

ಜಮಖಂಡಿ ಮಾಸ್ತರ್

10.8 ಯೂನಿಟ್! ನಾನು ಮೇಲೆ ಹೇಳಿದ 60 ವ್ಯಾಟ್ ಬಲ್ಬ್ ಐದು ತಾಸಿಗೆ ತಿನ್ನುವುದು 9. ಅಂದರೆ ದೇವರ ಮುಂದಿನ ಬಲ್ಬ್ ಅದಕ್ಕಿಂತ ಜಾಸ್ತಿ. 12 ವ್ಯಾಟ್‌ನದು ಅಂತ ಹಿಡಿದರೂ ಎಂಟೂವರೆ ಯೂನಿಟ್ ಮೇಲೆ. ನೀವು 88ರ ಗೆರೆ ದಾಟುತ್ತಿರುವುದೂ ಅಷ್ಟೇ.

ಉಳಿದದ್ದನ್ನೂ ಮುಗಿಸಿಬಿಡೋಣ. ಮೂರು ಎಲ್‌ಇಡಿ ಸೇರಿ 4 ಯೂನಿಟ್. ಗೇಟಿನದು ರಾತ್ರಿ 12 ತಾಸು ಅಂದರೆ 3.2. ಬಚ್ಚಲು 1.8. ದಪ್ಪ ಟ್ಯೂಬು 40 ವ್ಯಾಟ್, ಅದರ ತಾಮ್ರದ ಚೋಕ್ ಮತ್ತೆ 10-12 ವ್ಯಾಟ್ ತಾನೇ ತಿನ್ನುತ್ತದೆ. 52 ಅಂತ ಹಿಡಿದರೆ 7.8 ಯೂನಿಟ್. ಜೀರೋ ಸೇರಿ ಎಲ್ಲಾ ಕೂಡಿದರೆ ದೀಪಕ್ಕೇ 27-28 ಯೂನಿಟ್ ಆಗುತ್ತದೆ. ಅದರಲ್ಲಿ ನೀವು ಬದಲಿಸದೆ ಬಿಟ್ಟ ಮೂರೇ ದೀಪಗಳದ್ದು 20.

ಬಾದಾಮಿ ಹೊಲದ ಮನೆ

ದೇವರ ಮುಂದಿನ ದೀಪ ಆರಿಸಿ ಅಂತ ಮಾತ್ರ ಹೇಳಬೇಡಿ ಮಾಸ್ತರೇ. ಅತ್ತೆ ಸೊಸೆ ನಡುವೆ ಜಗಳ ಹಚ್ಚಿದ ಪಾಪ ಈ ಚರ್ಚೆಗೆ ಬರುತ್ತದೆ.

ಮುಧೋಳ ವೈರ್‌ಮನ್

ಆರಿಸುವುದೇ ಬೇಡ ರೀ. ಅದೇ ಹೋಲ್ಡರಿಗೆ ಕೂರುವ ಎಲ್‌ಇಡಿ ಜೀರೋ ಬಲ್ಬ್ ಸಿಗುತ್ತದೆ, ಅರ್ಧ ವ್ಯಾಟ್‌ನದು. ಕೆಂಪು ಬಣ್ಣದ್ದೂ ಇದೆ. ವರ್ಷವಿಡೀ ಉರಿದರೂ ನಾಲ್ಕೂವರೆ ಯೂನಿಟ್ ಆಗುವುದಿಲ್ಲ. ಅತ್ತೆಯವರಿಗೆ ಬಣ್ಣ ಒಪ್ಪಿಗೆಯಾದರೆ ಸಾಕು.

ಅದರ ಡಬ್ಬಿಯ ಮೇಲೆ 0.5 ವ್ಯಾಟ್ ಅಂತ ಬರೆದಿರುವುದನ್ನು ಮಾತ್ರ ನೋಡಿಕೊಳ್ಳಿ. ಹಳೆಯ ಸ್ಟಾಕಿನ ಗಾಜಿನ ಜೀರೋ ಬಲ್ಬನ್ನೇ ಇನ್ನೂ ಮಾರುವ ಅಂಗಡಿಗಳಿವೆ.

ವಿಜಯಪುರ ಹುಡುಗ

ಮಾಸ್ತರೇ, ನಂಬಬೇಕು ಸರಿ. ಆದರೆ ಅಕ್ಕನ ಯಜಮಾನರು ನಂಬಬೇಕಲ್ಲ. ಮನೆಯಲ್ಲೇ ಅಳೆದು ತೋರಿಸುವ ದಾರಿ ಇದೆಯಾ?

ಮುಧೋಳ ವೈರ್‌ಮನ್

ಇದೆ. ಮೀಟರಿನ ಮುಂದೆ ಒಂದು ಸಣ್ಣ ಕೆಂಪು ದೀಪ ಪಕ್ ಪಕ್ ಅನ್ನುತ್ತಿರುತ್ತದೆ, ನೋಡಿರುತ್ತೀರಿ. ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಸಲ ಮಿಟುಕುತ್ತದೆ ಅಂತ ಅಚ್ಚು ಹಾಕಿರುತ್ತಾರೆ. ಕೆಲವದರಲ್ಲಿ 1600, ಕೆಲವದರಲ್ಲಿ 3200. ಬೇರೆಯದೂ ಇರಬಹುದು, ನಿಮ್ಮದನ್ನು ನೋಡಿಕೊಳ್ಳಿ.

ಮನೆಯಲ್ಲಿ ಎಲ್ಲಾ ಬಟನ್ ಆಫ್ ಮಾಡಿ. ಫ್ರಿಜ್ಜಿನ ಪ್ಲಗ್ ತೆಗೆಯಿರಿ, ಟಿವಿ ಸೆಟ್‌ಟಾಪ್ ಬಾಕ್ಸಿನದೂ ತೆಗೆಯಿರಿ. ಇನ್ವರ್ಟರ್ ಇದ್ದರೆ ಅದರ ಚಾರ್ಜಿಂಗ್ ಬಂದ್ ಮಾಡಿ. ಆಮೇಲೆ ಒಂದೇ ಒಂದು ಬಲ್ಬ್ ಹಾಕಿ ಮೀಟರ್ ಮುಂದೆ ಮೊಬೈಲ್ ಹಿಡಿದು ನಿಲ್ಲಿ. 3200ರ ಮೀಟರ್ ಆದರೆ 60 ವ್ಯಾಟ್ ಬಲ್ಬಿಗೆ ಹತ್ತೊಂಬತ್ತು ಸೆಕೆಂಡಿಗೊಮ್ಮೆ ಮಿಟುಕುತ್ತದೆ. 15 ವ್ಯಾಟ್‌ನ ಜೀರೋಗೆ 75 ಸೆಕೆಂಡು. 9 ವ್ಯಾಟ್ ಎಲ್‌ಇಡಿಗೆ ಎರಡು ನಿಮಿಷದ ಮೇಲೆ ಕಾಯಬೇಕು. ನಿಂತು ನಿಂತು ಕಾಲು ನೋಯುತ್ತದೆ, ಅದೇ ಸಾಕ್ಷಿ.

ಖಡೇಬಜಾರ್ ಲೈಟ್ ಅಂಗಡಿ

ಬೆಳಗಾವಿಯಿಂದ ಬರೆಯುತ್ತಿದ್ದೇನೆ. ಟ್ಯೂಬಿನ ಬಗ್ಗೆ ಒಂದು ಮಾತು. ಗಿರಾಕಿಗಳು ಟ್ಯೂಬನ್ನೂ ಬಲ್ಬನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಟ್ಯೂಬು ಅಷ್ಟು ಕೆಟ್ಟದ್ದಲ್ಲ. 60 ವ್ಯಾಟ್ ಗಾಜಿನ ಬಲ್ಬಿನಿಂದ 700 ಲ್ಯುಮೆನ್ ಆಸುಪಾಸು ಬೆಳಕು ಬರುತ್ತದೆ. ಅಂದರೆ ಒಂದು ವ್ಯಾಟಿಗೆ 12. ಹಳೆಯ ಟ್ಯೂಬು ಚೋಕ್ ಸೇರಿಸಿ ವ್ಯಾಟಿಗೆ 45ರ ಮೇಲೆ ಕೊಡುತ್ತದೆ. ಎಲ್‌ಇಡಿ 100. ಹಾಗಾಗಿ ಟ್ಯೂಬು ತೆಗೆದು 20 ವ್ಯಾಟ್‌ನ ಎಲ್‌ಇಡಿ ಪಟ್ಟಿ ಹಾಕಿದರೆ ಅಕ್ಕಾವರಿಗೆ ಉಳಿಯುವುದು ತಿಂಗಳಿಗೆ 5 ಯೂನಿಟ್ ಒಳಗೇ. ಟ್ಯೂಬು ಚೆನ್ನಾಗಿ ಉರಿಯುತ್ತಿದ್ದರೆ ಅವಸರ ಬೇಡ. ಅದು ಹೋದಾಗ ಬದಲಿಸಿ. ಮಾರುವವನೇ ಹೀಗೆ ಹೇಳುತ್ತಿದ್ದೇನೆ ಅಂತ ನಗಬೇಡಿ.

ಇನ್ನೊಂದು, ವ್ಯಾಟ್ ನೋಡಿ ಎಲ್‌ಇಡಿ ಕೊಳ್ಳಬೇಡಿ. ವ್ಯಾಟ್ ಅಂದರೆ ತಿನ್ನುವುದು, ಲ್ಯುಮೆನ್ ಅಂದರೆ ಕೊಡುವುದು. 9 ವ್ಯಾಟ್ ಅಂತ ಬರೆದು 600 ಲ್ಯುಮೆನ್ ಕೊಡುವ ಮಾಲೂ ಬಜಾರಿನಲ್ಲಿದೆ, 900ರ ಮೇಲೆ ಕೊಡುವುದೂ ಇದೆ. ಲ್ಯುಮೆನ್ ಬರೆದೇ ಇಲ್ಲದ ಡಬ್ಬಿ ಕೈಗೆ ಬಂದರೆ ವಾಪಸ್ ಇಡಿ. ಎಲ್‌ಇಡಿ ಬಲ್ಬಿನ ಭಾರತೀಯ ಮಾನಕದ ನಂಬರ್ ಐಎಸ್ 16102, ಅದು ಮತ್ತು ಕರೆಂಟ್ ಉಳಿತಾಯದ ಸ್ಟಾರ್ ಚೀಟಿ ಇದೆಯಾ ನೋಡಿ.

ಬಾದಾಮಿ ಹೊಲದ ಮನೆ

ಇದೆಲ್ಲ ಪೇಟೆಯ ಲೆಕ್ಕ. ನಮ್ಮ ಹೊಲದ ಮನೆಗೆ ಸಂಜೆ ವೋಲ್ಟೇಜ್ ಎಷ್ಟು ಬರುತ್ತದೆ ಗೊತ್ತಾ? ಮೊದಲು ಗಾಜಿನ ಬಲ್ಬ್ ಇದ್ದಾಗ ಏಳು ಗಂಟೆಗೆ ಬಲ್ಬಿನೊಳಗಿನ ತಂತಿಯನ್ನು ಕಣ್ಣಿಟ್ಟು ನೋಡಬಹುದಿತ್ತು, ಕೆಂಪಗೆ ಬೀಡಿಯ ತುದಿಯ ಹಾಗೆ. ಮಕ್ಕಳು ಓದುವುದಿರಲಿ, ತಾಟಿನಲ್ಲಿ ಏನಿದೆ ಕಾಣುತ್ತಿರಲಿಲ್ಲ. ಎಲ್‌ಇಡಿ ಬಂದ ಮೇಲೆ ಆ ಕಷ್ಟ ಹೋಯಿತು. ಬಿಲ್ ಕಡಿಮೆಯಾಯಿತೋ ಇಲ್ಲವೋ, ನಾನು ಅದಕ್ಕೇ ಕೈ ಮುಗಿಯುತ್ತೇನೆ.

ಜಮಖಂಡಿ ಮಾಸ್ತರ್

ಇದು ಭಾಳ ಮುಖ್ಯವಾದ ಮಾತು, ಯಾರೂ ಹೇಳುವುದಿಲ್ಲ. 230 ಬರಬೇಕಾದಲ್ಲಿ 170 ವೋಲ್ಟ್ ಬಂದರೆ ಗಾಜಿನ ಬಲ್ಬಿನ ಬೆಳಕು ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಅದು ತಿನ್ನುವ ಕರೆಂಟ್ ಅಷ್ಟು ಇಳಿಯುವುದಿಲ್ಲ. 60 ವ್ಯಾಟ್‌ನದು 37 ವ್ಯಾಟ್ ಆಸುಪಾಸು ತಿನ್ನುತ್ತಲೇ ಇರುತ್ತದೆ. ತಂತಿ ತಣ್ಣಗಾದಷ್ಟೂ ಅದರಿಂದ ಬರುವುದು ಕಣ್ಣಿಗೆ ಕಾಣದ ಶಾಖವೇ ಜಾಸ್ತಿ.

ಪೂರ್ತಿ ವೋಲ್ಟೇಜ್ ಇದ್ದಾಗಲೂ ಕಥೆ ಅದೇ. ಆ ಟಂಗ್‌ಸ್ಟನ್ ತಂತಿ 2,500 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಕಾದು ಬೆಳ್ಳಗಾಗುತ್ತದೆ. ಹೋದ ಕರೆಂಟಿನಲ್ಲಿ ಬೆಳಕಾಗುವುದು ನೂರಕ್ಕೆ ಐದೋ ಆರೋ ಪಾಲು. ಉಳಿದದ್ದೆಲ್ಲ ಬಿಸಿ. ಎಲ್‌ಇಡಿಯಲ್ಲಿ ತಂತಿ ಕಾಯಿಸುವ ಕೆಲಸವೇ ಇಲ್ಲ. ಕರೆಂಟ್ ಒಂದು ಸಣ್ಣ ಚಿಪ್ ಒಳಗೆ ಹಾಯುವಾಗ ನೀಲಿ ಬೆಳಕು ಹುಟ್ಟುತ್ತದೆ. ಅದರ ಮೇಲೆ ಬಳಿದ ಹಳದಿ ಪುಡಿ ಆ ನೀಲಿಯ ಒಂದಷ್ಟನ್ನು ಹಳದಿ ಮಾಡುತ್ತದೆ, ಎರಡೂ ಸೇರಿ ಬಿಳಿ ಕಾಣುತ್ತದೆ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ನೀಲಿ ಆಗಲು ಮತ್ತೆ ಮೂವತ್ತು ವರ್ಷ ಹಿಡಿಯಿತು. ಆ ನೀಲಿ ಮಾಡಿದ ಅಕಾಸಾಕಿ, ಅಮಾನೊ, ನಾಕಾಮುರ ಎಂಬ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಕೊಟ್ಟರು. ನಾನು ಹತ್ತನೆಯ ತರಗತಿಯವರಿಗೆ ಇದನ್ನು ಹೇಳುವಾಗ ಡಬ್ಬಿ ತೆರೆದು ಆ ಹಳದಿ ಚೌಕಗಳನ್ನು ತೋರಿಸುತ್ತೇನೆ. ಬೆಳ್ಳಗೆ ಉರಿಯುವ ಬಲ್ಬಿನೊಳಗೆ ಹಳದಿ ಏಕೆ ಅಂತ ಮಕ್ಕಳಿಗೆ ಆಶ್ಚರ್ಯ.

ವಿಜಯಪುರ ಹುಡುಗ

ಹಾಗಾದರೆ ಎಲ್‌ಇಡಿಯಲ್ಲಿ ಶಾಖವೇ ಇಲ್ಲ ಅನ್ನಿ.

ಮುಧೋಳ ವೈರ್‌ಮನ್

ಯಾರು ಹೇಳಿದರು? ಅರ್ಧ ತಾಸು ಉರಿದ ಎಲ್‌ಇಡಿಯ ಕುತ್ತಿಗೆ ಮುಟ್ಟಿ ನೋಡು. 9 ವ್ಯಾಟ್‌ನಲ್ಲೂ ಅರ್ಧಕ್ಕಿಂತ ಜಾಸ್ತಿ ಶಾಖವೇ ಆಗುತ್ತದೆ. ಫರಕು ಏನೆಂದರೆ ಗಾಜಿನ ಬಲ್ಬ್ ತನ್ನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ, ಎಲ್‌ಇಡಿಯ ಬಿಸಿ ಹಿಂದಕ್ಕೆ, ಕುತ್ತಿಗೆಗೆ ಇಳಿಯುತ್ತದೆ. ಅಲ್ಲೇ ಅದರ ಡ್ರೈವರ್, ಅಂದರೆ ಮನೆಯ ಕರೆಂಟನ್ನು ಚಿಪ್ಪಿಗೆ ಹೊಂದಿಸಿ ಕೊಡುವ ಸರ್ಕ್ಯೂಟ್ ಇರುವುದು. ನಮ್ಮ ಕಡೆ ಏಪ್ರಿಲ್ ಮೇನಲ್ಲಿ ಹೊರಗೇ 40 ಡಿಗ್ರಿ. ತಗಡಿನ ಮನೆಯೊಳಗೆ ಚಾವಣಿಗೆ ಹತ್ತಿದ ಬಲ್ಬ್, ಅದಕ್ಕೊಂದು ಮುಚ್ಚಿದ ಗಾಜಿನ ಗೋಳ. ಪಾಪ, ಎಷ್ಟು ದಿನ ಬದುಕಬೇಕು?

ಡಬ್ಬಿಯ ಮೇಲೆ 25,000 ತಾಸು ಅಂತ ಬರೆದಿರುತ್ತಾರೆ. ದಿನಕ್ಕೆ ಐದು ತಾಸಿನ ಲೆಕ್ಕದಲ್ಲಿ ಹದಿಮೂರು ವರ್ಷ. ಅದು ಒಳಗಿನ ಚಿಪ್ಪಿನ ಆಯುಷ್ಯ. ಡ್ರೈವರಿನೊಳಗಿನ ಕೆಪಾಸಿಟರ್ ಬಿಸಿಗೆ ಒಣಗಿ ಅದಕ್ಕಿಂತ ಮೊದಲೇ ಕೈ ಕೊಡುತ್ತದೆ. ಅದಕ್ಕೇ ನಾನು ಡಬ್ಬಿಯ ತಾಸು ನೋಡುವುದಿಲ್ಲ, ಎಷ್ಟು ವರ್ಷದ ಗ್ಯಾರಂಟಿ ಅಂತ ನೋಡುತ್ತೇನೆ. ಎರಡು ವರ್ಷ ಇದ್ದರೆ ಬಿಲ್ ಇಟ್ಟುಕೊಳ್ಳಿ, ಸುಟ್ಟರೆ ಬದಲಿಸಿಕೊಡುತ್ತಾರೆ. ಹಾಗೆ ನೋಡಿದರೆ ಗಾಜಿನ ಬಲ್ಬಿನ ಆಯುಷ್ಯ 1,000 ತಾಸು, ಆರೇಳು ತಿಂಗಳು. ಎಲ್‌ಇಡಿ ಎರಡೇ ವರ್ಷ ಬಾಳಿದರೂ ಮುಂದೆಯೇ ಇದೆ.

ಗುಳೇದಗುಡ್ಡದ ಅಕ್ಕ

ಸುಟ್ಟ ಎಲ್‌ಇಡಿ ರಿಪೇರಿ ಮಾಡುತ್ತೇವೆ ಅಂತ ಸಂತೆಯಲ್ಲಿ ಕೂತಿರುತ್ತಾರಲ್ಲ, ಹತ್ತು ಇಪ್ಪತ್ತು ರೂಪಾಯಿಗೆ. ಮಾಡಿಸಬಹುದಾ ಅಣ್ಣಾ?

ಮುಧೋಳ ವೈರ್‌ಮನ್

ಅವರು ಮಾಡುವುದು ಇಷ್ಟು. ಮೇಲಿನ ಬಿಳಿ ಟೋಪಿ ತೆಗೆಯುತ್ತಾರೆ. ಒಳಗೆ ದುಂಡಗಿನ ತಗಡಿನ ಮೇಲೆ ಹಳದಿ ಚೌಕಗಳ ಸಾಲು. ಅದರಲ್ಲಿ ಯಾವುದೋ ಒಂದರ ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ಬಿದ್ದಿರುತ್ತದೆ. ಸತ್ತದ್ದು ಅದೊಂದೇ. ಆದರೆ ಎಲ್ಲವೂ ಒಂದರ ಹಿಂದೆ ಒಂದು ಕೂಡಿಸಿದ ಸರ, ಒಂದು ಸತ್ತರೆ ಇಡೀ ಬಲ್ಬ್ ಕತ್ತಲು. ಅವರು ಆ ಚಿಪ್ಪನ್ನು ಕೆರೆದು ತೆಗೆದು ಬೆಸುಗೆಯಿಂದ ಎರಡು ತುದಿ ಜೋಡಿಸಿಬಿಡುತ್ತಾರೆ. ಬೆಳಕು ಬರುತ್ತದೆ. ಆದರೆ ಆ ಒಂದರ ಪಾಲಿನ ವೋಲ್ಟೇಜ್ ಉಳಿದವುಗಳ ಮೇಲೆ, ಡ್ರೈವರಿನ ಮೇಲೆ ಬೀಳುತ್ತದೆ. ಸ್ವಲ್ಪ ದಿನ ನಡೆಯುತ್ತದೆ ಅಷ್ಟೇ. ಹೊಸ ಚಿಪ್ ಕೂರಿಸುವವರು ಸಿಕ್ಕರೆ ಮಾಡಿಸಿ. ಬರೀ ಜೋಡಿಸುವವರಾದರೆ ಹತ್ತು ರೂಪಾಯಿಯ ಗಿರ್ಮಿಟ್ ತಿಂದುಬಿಡಿ.

ಇಳಕಲ್ ಮಗ್ಗ

ಎಲ್ಲರೂ ಎಲ್‌ಇಡಿಯನ್ನೇ ಹೊಗಳುತ್ತಿದ್ದೀರಿ. ನನ್ನದು ತಕರಾರಿದೆ.

ನಮ್ಮದು ಕುಣಿಮಗ್ಗ. ನೆಯ್ಯುವವರ ತಲೆಯ ಮೇಲೆ ಒಂದು ಬಲ್ಬ್ ಇಳಿಬಿಟ್ಟಿರುತ್ತೇವೆ. ಸೆರಗಿನ ಕೆಂಪು ಅಂದರೆ ಇಳಕಲ್ ಸೀರೆಯ ಪ್ರಾಣ. ಅಗ್ಗದ ಎಲ್‌ಇಡಿ ಕೆಳಗೆ ಆ ಕೆಂಪು ಸತ್ತು ಹೋಗುತ್ತದೆ ರೀ. ಎರಡು ಲಡಿ ನೂಲು ಒಂದೇ ಬಣ್ಣ ಅಂತ ರಾತ್ರಿ ಕೂಡಿಸಿದರೆ ಬೆಳಿಗ್ಗೆ ಬಿಸಿಲಲ್ಲಿ ಬೇರೆ ಬೇರೆ ಕಾಣುತ್ತವೆ. ಮೆರೂನಿಗೂ ಕೆಂಪಿಗೂ ಫರಕು ತಿಳಿಯುವುದಿಲ್ಲ. ಒಡಲಿಗೆ ಸೆರಗನ್ನು ಕೂಡಿಸುವ ಕೊಂಡಿಯ ಕೆಲಸದಲ್ಲಿ ಒಂದೊಂದು ಎಳೆಯೂ ಕಾಣಬೇಕು. ಅದಕ್ಕೇ ಉಳಿದೆಲ್ಲ ಕಡೆ ಎಲ್‌ಇಡಿ ಹಾಕಿದರೂ ಮಗ್ಗದ ಮೇಲೆ ಗಾಜಿನ ಬಲ್ಬ್ ಬಿಟ್ಟಿದ್ದೇವೆ. ಯೂನಿಟ್ ಹೋದರೆ ಹೋಗಲಿ, ಸೀರೆ ಹೋದರೆ ಏನು ಮಾಡೋಣ?

ಖಡೇಬಜಾರ್ ಲೈಟ್ ಅಂಗಡಿ

ಅಣ್ಣಾವರು ಹೇಳಿದ್ದು ನೂರಕ್ಕೆ ನೂರು ನಿಜ. ಸೀರೆ ಅಂಗಡಿಯವರು ನಮ್ಮಲ್ಲಿ ಕೇಳುವುದೂ ಇದನ್ನೇ. ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವುದಕ್ಕೆ ಸಿಆರ್‌ಐ ಅಂತ ಒಂದು ಅಂಕ ಇದೆ. ಗಾಜಿನ ಬಲ್ಬಿಗೆ ನೂರು. ಮನೆಗೆ ಮಾರುವ ಎಲ್‌ಇಡಿಗೆ ಸಾಮಾನ್ಯವಾಗಿ 80. ಆ 80ರಲ್ಲಿ ಏಟು ತಿನ್ನುವುದು ಗಾಢ ಕೆಂಪೇ, ಏಕೆಂದರೆ ನೀಲಿ ಚಿಪ್ಪಿಗೆ ಹಳದಿ ಪುಡಿ ಬಳಿದರೆ ಕೆಂಪಿನ ಪಾಲು ಕಡಿಮೆಯೇ ಇರುತ್ತದೆ.

ದಾರಿ ಇದೆ. ಸಿಆರ್‌ಐ 90ರ ಮೇಲೆ ಇರುವ ಎಲ್‌ಇಡಿ ಕೇಳಿ. ಬಣ್ಣ 2700 ಅಥವಾ 3000 ಕೆಲ್ವಿನ್ ಇರಲಿ, ಅಂದರೆ ಗಾಜಿನ ಬಲ್ಬಿನ ಹಳದಿ ಛಾಯೆಯದು. ಬೆಲೆ ಜಾಸ್ತಿ, ಅದೇ ವ್ಯಾಟಿಗೆ ಬೆಳಕೂ ಸ್ವಲ್ಪ ಕಡಿಮೆ. ಆದರೂ ಮಗ್ಗ ದಿನಕ್ಕೆ ಎಂಟು ಹತ್ತು ತಾಸು ನಡೆಯುತ್ತದೆ ಅಲ್ವಾ? ಹತ್ತು ತಾಸಿಗೆ 60 ವ್ಯಾಟ್ ಬಲ್ಬ್ ತಿಂಗಳಿಗೆ 18 ಯೂನಿಟ್. 10 ವ್ಯಾಟ್‌ನ ಒಳ್ಳೆಯ ಎಲ್‌ಇಡಿ 3 ಯೂನಿಟ್. ಒಂದು ತಂದು ಹಾಕಿ, ನೂಲಿನ ಲಡಿ ಹಿಡಿದು ಹಗಲಲ್ಲೊಮ್ಮೆ ರಾತ್ರಿಯೊಮ್ಮೆ ನೋಡಿ. ಬಣ್ಣ ಒಪ್ಪಿಗೆಯಾಗದಿದ್ದರೆ ನಿಮ್ಮ ಹಳೆಯ ಬಲ್ಬೇ ಇರಲಿ.

ಇಳಕಲ್ ಮಗ್ಗ

ನೋಡೋಣ. ಮಿಟುಕುವುದು ಮಾತ್ರ ಇರಬಾರದು. ಲಾಳಿ ಓಡುವಾಗ ಕಣ್ಣು ಕಟ್ಟಿದ ಹಾಗಾಗುತ್ತದೆ.

ವಿಜಯಪುರ ಹುಡುಗ

ಅದನ್ನು ಮೊಬೈಲಿನಲ್ಲೇ ನೋಡಬಹುದು ಕಾಕಾ. ಸ್ಲೋ ಮೋಷನ್ ವಿಡಿಯೋ ಹಚ್ಚಿ ಬಲ್ಬಿನ ಕಡೆ ಹಿಡಿಯಿರಿ. ಅಗ್ಗದ ಡ್ರೈವರ್ ಇದ್ದರೆ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುವುದು ಪಟಪಟ ಕಾಣುತ್ತದೆ. ಒಳ್ಳೆಯದಾದರೆ ಸಮನಾಗಿರುತ್ತದೆ. ಲೇತ್ ಮಷಿನ್ ಇರುವ ಕಡೆ ಈ ಏರಿಳಿತ ಅಪಾಯ ಅಂತ ನಮ್ಮ ವರ್ಕ್‌ಶಾಪಿನಲ್ಲಿ ಹೇಳುತ್ತಾರೆ. ತಿರುಗುತ್ತಿರುವ ಚಕ್ರ ನಿಂತ ಹಾಗೆ ಕಂಡುಬಿಡುತ್ತದಂತೆ.

ಹುಕ್ಕೇರಿ ಕೋಳಿ ಫಾರ್ಮ್

ಮಗ್ಗದ ಅಣ್ಣಾವರಿಗೆ ಬಣ್ಣ ಬೇಕು. ನನಗೆ ಬೆಳಕೇ ಬೇಡ, ಬಿಸಿ ಬೇಕು! ಒಂದು ದಿನದ ಮರಿ ತಂದು ಬಿಟ್ಟರೆ ಮೊದಲ ವಾರ 35 ಡಿಗ್ರಿ ಸುತ್ತ ಬಿಸಿ ಕೊಡಬೇಕು. ಮರಿಗೆ 2 ವ್ಯಾಟ್ ಅಂತ ನಮ್ಮ ಲೆಕ್ಕ. ತಗಡಿನ ಬಳೆ ಕಟ್ಟಿ, ನಡುವೆ ಬಲ್ಬ್ ಇಳಿಬಿಡುತ್ತೇವೆ. ಥರ್ಮಾಮೀಟರಿಗಿಂತ ಮರಿಗಳನ್ನೇ ನೋಡುವುದು ಒಳ್ಳೆಯದು. ಎಲ್ಲವೂ ಬಲ್ಬಿನ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡರೆ ಚಳಿ. ತಗಡಿಗೆ ಅಂಟಿ ಬಾಯಿ ತೆರೆದು ನಿಂತರೆ ಬಿಸಿ ಜಾಸ್ತಿ, ಬಲ್ಬ್ ಮೇಲಕ್ಕೆ ಎತ್ತಬೇಕು. ಹರಡಿಕೊಂಡು ಕಾಳು ತಿನ್ನುತ್ತಿದ್ದರೆ ಸರಿ ಇದೆ ಅಂತ ಅರ್ಥ.

ಇಲ್ಲಿ ಎಲ್‌ಇಡಿ ಹಾಕಿದರೆ ಮರಿ ಬೆಳಗಾಗುವುದರೊಳಗೆ ಸಾಯುತ್ತವೆ. ನಮ್ಮ ಪಕ್ಕದ ಶೆಡ್ಡಿನವರಿಗೆ ಯಾರೋ "ಉಳಿತಾಯ" ಅಂತ ಹೇಳಿ ಹಾಕಿಸಿದ್ದರು, ಒಂದೇ ರಾತ್ರಿಗೆ ಬುದ್ಧಿ ಬಂತು. ಮೂರು ವಾರ ಕಳೆದ ಮೇಲೆ ಬೆಳಕಿಗೆ ಮಾತ್ರ ನಾವೂ ಎಲ್‌ಇಡಿಯನ್ನೇ ಉರಿಸುತ್ತೇವೆ.

ಜಮಖಂಡಿ ಮಾಸ್ತರ್

ನೂರಕ್ಕೆ ತೊಂಬತ್ತೈದು ಪಾಲು ವ್ಯರ್ಥ ಅಂತ ನಾನು ಮೇಲೆ ಬರೆದ ಶಾಖವೇ ಹುಕ್ಕೇರಿಯಲ್ಲಿ ಮರಿ ಸಾಕುತ್ತಿದೆ. ಇದನ್ನೂ ಪಾಠಕ್ಕೆ ಸೇರಿಸಿಕೊಳ್ಳುತ್ತೇನೆ.

ಗುಳೇದಗುಡ್ಡದ ಅಕ್ಕ

ನನ್ನದೊಂದು ಸಣ್ಣ ಪ್ರಶ್ನೆ. ಬಟನ್ ಆಫ್ ಮಾಡಿದ ಮೇಲೂ ಮಲಗುವ ಕೋಣೆಯ ಎಲ್‌ಇಡಿ ಮಸುಕಾಗಿ ಉರಿಯುತ್ತದೆ. ಮೊಮ್ಮಗಳು ದೆವ್ವ ಅನ್ನುತ್ತಾಳೆ. ಇದಕ್ಕೂ ಯೂನಿಟ್ ಹೋಗುತ್ತದಾ?

ಮುಧೋಳ ವೈರ್‌ಮನ್

ಯೂನಿಟ್ ಹೋಗುವುದು ಲೆಕ್ಕಕ್ಕಿಲ್ಲ ಅಕ್ಕಾವರೇ. ಆದರೆ ಬಿಡಬೇಡಿ. ಎರಡು ಕಾರಣ ಇರಬಹುದು. ಬಟನ್‌ನಲ್ಲಿ ಸಣ್ಣ ಇಂಡಿಕೇಟರ್ ದೀಪ ಇದ್ದರೆ ಅದರ ಮೂಲಕ ಹನಿಯಷ್ಟು ಕರೆಂಟ್ ಹಾಯುತ್ತದೆ, ಅದು ತೊಂದರೆಯಲ್ಲ. ಇಲ್ಲದಿದ್ದರೆ ವೈರಿಂಗ್ ಮಾಡಿದವರು ಬಟನ್‌ಗೆ ಫೇಸ್ ಬದಲು ನ್ಯೂಟ್ರಲ್ ಕೊಟ್ಟಿರುತ್ತಾರೆ. ಆಗ ಬಟನ್ ಆಫ್ ಇದ್ದರೂ ಹೋಲ್ಡರಿನಲ್ಲಿ ಫೇಸ್ ನಿಂತೇ ಇರುತ್ತದೆ. ಗಾಜಿನ ಬಲ್ಬ್ ಇದ್ದಾಗ ಇದು ಕಾಣುತ್ತಿರಲಿಲ್ಲ. ಈಗ ಎಲ್‌ಇಡಿ ತೋರಿಸಿಕೊಡುತ್ತಿದೆ. ಬಲ್ಬ್ ಬದಲಿಸಲು ಕುರ್ಚಿ ಹತ್ತುವ ಮೊದಲು ಮೇನ್ ಆಫ್ ಮಾಡಿ, ಒಬ್ಬ ವೈರ್‌ಮನ್‌ಗೆ ಟೆಸ್ಟರ್ ಹಚ್ಚಿ ನೋಡಲು ಹೇಳಿ.

ವಿಜಯಪುರ ಹುಡುಗ

ಎಲ್‌ಇಡಿಗಳ ಪವರ್ ಫ್ಯಾಕ್ಟರ್ ಕೆಟ್ಟದ್ದು, ಅದಕ್ಕೇ ಬಿಲ್ ಏರುತ್ತದೆ ಅಂತ ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತಿದೆಯಲ್ಲ?

ಜಮಖಂಡಿ ಮಾಸ್ತರ್

ಅರ್ಧ ನಿಜ. ಲೈನಿನಿಂದ ಎಳೆದದ್ದರಲ್ಲಿ ಎಷ್ಟು ಪಾಲು ನಿಜವಾದ ಕೆಲಸಕ್ಕೆ ಬರುತ್ತದೆ ಅನ್ನುವುದೇ ಪವರ್ ಫ್ಯಾಕ್ಟರ್. ಅಗ್ಗದ ಸಣ್ಣ ಎಲ್‌ಇಡಿಗಳಲ್ಲಿ ಪವರ್ ಫ್ಯಾಕ್ಟರ್ 0.5ರ ಹತ್ತಿರ ಇರುತ್ತದೆ. ತಂತಿಗೆ, ಟ್ರಾನ್ಸ್‌ಫಾರ್ಮರಿಗೆ ಅದರ ಭಾರ ಬೀಳುತ್ತದೆ. ಆದರೆ ಮನೆಯ ಮೀಟರ್ ನಿಜವಾಗಿ ತಿಂದ ವ್ಯಾಟಿನ ಲೆಕ್ಕವನ್ನೇ ಬರೆಯುತ್ತದೆ. 9 ಅಂದರೆ 9. ಆ ಮೆಸೇಜ್ ಮುಂದೆ ಕಳಿಸಬೇಡ.

ಬಾದಾಮಿ ಹೊಲದ ಮನೆ

ಕೊನೆಗೆ ನನಗೊಂದು ಅನುಮಾನ. 200 ಯೂನಿಟ್ ತನಕ ಪುಕ್ಕಟೆ ಅಂದಮೇಲೆ ಇಷ್ಟೆಲ್ಲ ಕೂಡಿಸಿ ಕಳೆದು ಯಾರಿಗೆ ಲಾಭ?

ಜಮಖಂಡಿ ಮಾಸ್ತರ್

200 ಎಲ್ಲರಿಗೂ ಅಲ್ಲ ಅಣ್ಣಾ. ಅವರವರ ಸರಾಸರಿ ಮತ್ತು ಅದರ ಮೇಲೆ ಶೇ 10. 48 ಯೂನಿಟ್‌ಗಿಂತ ಕಡಿಮೆ ಸುಡುವವರಿಗೆ ಶೇಕಡಾ ಬದಲು 10 ಯೂನಿಟ್ ಸೇರಿಸುತ್ತೇವೆ ಅಂತ 2024ರ ಜನವರಿಯಲ್ಲಿ ಬದಲಿಸಿದರು. ತನ್ನ ಗೆರೆ ದಾಟಿದರೆ ಮೇಲಿನದಕ್ಕೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್. ಬೇಸಿಗೆಯಲ್ಲಿ ಕೂಲರ್ ಹಚ್ಚಿ 190ರಲ್ಲಿ ನಿಂತವರಿಗೆ ಹತ್ತು ಯೂನಿಟ್ ಅಂದರೆ ಸಾವಿರ ರೂಪಾಯಿಯ ಮಾತು.

ಪುಕ್ಕಟೆ ಬಂದ ಕರೆಂಟೂ ಎಲ್ಲೋ ಹುಟ್ಟಬೇಕಲ್ಲ. ಆಲಮಟ್ಟಿಯ ವಿದ್ಯುತ್ ಮನೆ 290 ಮೆಗಾವ್ಯಾಟ್. ಎಲ್ಲಾ ಯಂತ್ರ ಓಡಿದರೂ ಅದು 60 ವ್ಯಾಟ್‌ನ 48 ಲಕ್ಷ ಬಲ್ಬ್ ಉರಿಸಬಹುದು. 9 ವ್ಯಾಟ್‌ನವಾದರೆ ಮೂರು ಕೋಟಿಯ ಮೇಲೆ. ಕೃಷ್ಣೆಯಲ್ಲಿ ನೀರಿಲ್ಲದ ತಿಂಗಳಲ್ಲಿ ಕೂಡಗಿಯ 2,400 ಮೆಗಾವ್ಯಾಟ್‌ನಂಥ ಸ್ಥಾವರಗಳಲ್ಲಿ ಕಲ್ಲಿದ್ದಲು ಸುಡಬೇಕು. ಎಲ್ಲರೂ ದೀಪ ಹಚ್ಚುವುದು ಒಂದೇ ಹೊತ್ತಿಗೆ, ಸಂಜೆ. ನಿಮ್ಮ ಹೊಲದ ಮನೆಯ ವೋಲ್ಟೇಜ್ ಬೀಳುವುದೂ ಅದೇ ಹೊತ್ತಿಗೆ.

ಖಡೇಬಜಾರ್ ಲೈಟ್ ಅಂಗಡಿ

ಸರ್ಕಾರಕ್ಕೂ ಇದೇ ಲೆಕ್ಕ ಇತ್ತು. 2015ರ ಜನವರಿಯಲ್ಲಿ ಕಡಿಮೆ ಬೆಲೆಗೆ ಎಲ್‌ಇಡಿ ಕೊಡುವ ಕೇಂದ್ರದ ಉಜಾಲಾ ಯೋಜನೆ ಶುರುವಾಯಿತು, ನಮ್ಮ ರಾಜ್ಯದಲ್ಲಿ ಹೊಸ ಬೆಳಕು ಅಂತ ಹೆಸರಿಟ್ಟು 9 ವ್ಯಾಟ್ ಬಲ್ಬ್ ಮಾರಿದರು. ದೇಶದಲ್ಲಿ 36 ಕೋಟಿಯ ಮೇಲೆ ಹಂಚಿಕೆಯಾಯಿತು. ಕೊಟ್ಟದ್ದಕ್ಕಿಂತ ದೊಡ್ಡ ಕೆಲಸ ಬೆಲೆ ಇಳಿದದ್ದು. ಸರ್ಕಾರಿ ಖರೀದಿಯಲ್ಲಿ 2014ರಲ್ಲಿ 310 ರೂಪಾಯಿ ಇದ್ದ ಬಲ್ಬ್ 2016ಕ್ಕೆ 38ಕ್ಕೆ ಬಂತು. ಆಗ ನಮ್ಮಂಥ ಅಂಗಡಿಯವರು ಹಳೆಯ ಬೆಲೆಗೆ ತಂದ ಮಾಲು ಇಟ್ಟುಕೊಂಡು ಒದ್ದಾಡಿದ್ದೂ ಉಂಟು, ಬಿಡಿ.

ಒಂದು ಮಾತ್ರ ಕಣ್ಣಾರೆ ನೋಡುತ್ತಿದ್ದೇನೆ. ಮೊದಲು ಮನೆಗೆ ನಾಲ್ಕು ಬಲ್ಬ್ ಒಯ್ಯುತ್ತಿದ್ದವರು ಈಗ ಫಾಲ್ಸ್ ಸೀಲಿಂಗ್ ಮಾಡಿಸಿ ಒಂದೇ ಕೋಣೆಗೆ ಹನ್ನೆರಡು ಲೈಟ್ ಒಯ್ಯುತ್ತಾರೆ. ಹನ್ನೆರಡು ಒಂಬತ್ತಲಿ 108 ವ್ಯಾಟ್. ಮೊದಲಿದ್ದ ಒಂದು ಟ್ಯೂಬಿನ ಎರಡರಷ್ಟು. ಮೇಲೆ ಬಂದು ಹೇಳುವುದು, ಎಲ್‌ಇಡಿ ಹಾಕಿದರೂ ಬಿಲ್ ಇಳಿಯಲಿಲ್ಲ ಅಂತ.

ನವನಗರದ ಮನೆ

ಎಲ್ಲರಿಗೂ ಧನ್ಯವಾದ ರೀ. ಮೀಟರ್ ಮುಂದೆ ಯಜಮಾನರನ್ನೇ ನಿಲ್ಲಿಸಿದ್ದೆ. ಜೀರೋ ಬಲ್ಬಿಗೆ ಕೆಂಪು ದೀಪ ಮಿಟುಕಿದಾಗ ಸುಮ್ಮನಾದರು. ದೇವರ ಕೋಣೆಗೆ ಅರ್ಧ ವ್ಯಾಟ್‌ನದು ತರುತ್ತೇವೆ, ಬಚ್ಚಲಿಗೂ ಒಂದು. ಟ್ಯೂಬು ಸದ್ಯಕ್ಕೆ ಇರಲಿ. ಆದರೆ ದೀಪದ್ದು 28 ಅಂದರೆ ಉಳಿದ 69 ಯಾವುದು ಮಾಸ್ತರೇ?

ಜಮಖಂಡಿ ಮಾಸ್ತರ್

ಫ್ರಿಜ್ಜು ಒಂದಷ್ಟು, ಟಿವಿ, ಮಿಕ್ಸರ್, ಇಸ್ತ್ರಿ ಒಂದಷ್ಟು. ಫ್ಯಾನ್ ನೋಡಿ. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್. ದಿನಕ್ಕೆ 10 ತಾಸು ತಿರುಗಿದರೆ ಒಂದಕ್ಕೇ 22 ಯೂನಿಟ್ ಮೇಲೆ. ಬಿಎಲ್‌ಡಿಸಿ ಅನ್ನುವ ಹೊಸ ಜಾತಿಯ, ಕಡಿಮೆ ಕರೆಂಟ್ ತಿನ್ನುವ ಮೋಟರಿನ ಫ್ಯಾನ್ ಸುಮಾರು 30 ವ್ಯಾಟ್, 9 ಯೂನಿಟ್. ಬೆಲೆ ಮಾತ್ರ ಜಾಸ್ತಿ, ಹಳೆಯದು ಕೆಟ್ಟಾಗ ಯೋಚಿಸಿ.

ಮುಧೋಳ ವೈರ್‌ಮನ್

ಡಬ್ಬದಂಥ ಹಳೆಯ ರೆಗ್ಯುಲೇಟರ್ ಇದ್ದರೆ ಅದನ್ನೂ ನೋಡಿ. ಫ್ಯಾನ್ ನಿಧಾನ ಮಾಡಿದಾಗ ಅದರ ಮೇಲೆ ಕೈ ಇಡಿ, ಬೆಚ್ಚಗಿರುತ್ತದೆ. ಉಳಿದ ಕರೆಂಟ್ ಅಲ್ಲೇ ಸುಡುತ್ತಿರುತ್ತದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸಿದರೆ ಆ ಬಾಬತ್ತು ಮುಗಿಯುತ್ತದೆ.

ಹುಕ್ಕೇರಿ ಕೋಳಿ ಫಾರ್ಮ್

ಖಡೇಬಜಾರ್ ಅಣ್ಣಾವರೇ, ಮುಂದಿನ ವಾರ ಹೊಸ ಮರಿ ಇಳಿಯುತ್ತಿವೆ. 100 ವ್ಯಾಟ್ ಗಾಜಿನ ಬಲ್ಬ್ ಇಲ್ಲಿ ಎರಡು ಅಂಗಡಿ ಸುತ್ತಿದರೂ ಸಿಗಲಿಲ್ಲ. ನಿಮ್ಮಲ್ಲಿದೆಯಾ?

ಖಡೇಬಜಾರ್ ಲೈಟ್ ಅಂಗಡಿ

ಇದೆ. ಈಗ ಅದನ್ನು ಕೇಳುವವರು ನೀವು ಕೋಳಿಯವರು, ಇಲ್ಲ ಮಗ್ಗದವರು. ಗೋದಾಮಿನಿಂದ ತೆಗೆಸಬೇಕು, ಬರುವ ಮುನ್ನಾದಿನ ಹೇಳಿ. ಪಿಂಗಾಣಿ ಹೋಲ್ಡರನ್ನೂ ಒಯ್ಯಿರಿ, ಪ್ಲಾಸ್ಟಿಕ್ಕಿನದು ಆ ಬಿಸಿಗೆ ಕರಗುತ್ತದೆ.